ದೂರು ಬಹುವಚನದಲ್ಲಿ, ಪರಿಹಾರ ಏಕವಚನದಲ್ಲಿ: ಜಾಹೀರಾತು ತೋರಿಸುವ ಕೇಡಿನ ನಾಳೆ

1984ರ ಜನವರಿ 22, ಭಾನುವಾರ. ಅಮೆರಿಕದ ಟ್ಯಾಂಪಾ ನಗರದಲ್ಲಿ ಆ ವರ್ಷದ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯ, ನಡೆಯುತ್ತಿತ್ತು. ಒಂದು ತಂಡ ಬಹಳ ಮುಂದಿದ್ದುದರಿಂದ ಆಟದ ಕಾವು ಇಳಿಯುತ್ತಿದ್ದ ಮೂರನೆಯ ಅವಧಿಯಲ್ಲಿ ಸಿಬಿಎಸ್ ವಾಹಿನಿಯ ಪರದೆ ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಕೊಳವೆಯಂಥ ಸುರಂಗದೊಳಗೆ ತಲೆ ಬೋಳಿಸಿಕೊಂಡ ಗಂಡಸರು ಒಂದೇ ಬಗೆಯ ಮಾಸಲು ಉಡುಪು ತೊಟ್ಟು, ಸಾಲುಗಟ್ಟಿ, ಯಾರ ಮುಖದಲ್ಲೂ ಯಾವ ಭಾವವೂ ಇಲ್ಲದೆ ಹೆಜ್ಜೆ ಹಾಕುತ್ತಿದ್ದರು. ಸುರಂಗ ಮುಗಿದಲ್ಲಿ ಒಂದು ದೊಡ್ಡ ಸಭಾಂಗಣ. ಅದರ ಗೋಡೆಯಷ್ಟಗಲದ ಪರದೆಯ ಮೇಲೆ ಕನ್ನಡಕ ತೊಟ್ಟ ಒಂದು ಮುಖ, ಮಾಹಿತಿಯನ್ನು ಶುದ್ಧಗೊಳಿಸಿದ ಆದೇಶಗಳ ಮೊದಲ ವಾರ್ಷಿಕೋತ್ಸವದ ಭಾಷಣ ಮಾಡುತ್ತಿತ್ತು. ಆ ಬೂದು ಬಣ್ಣದ ನಡುವೆ ಕೆಂಪು ಚಡ್ಡಿ, ಬಿಳಿ ಬನಿಯನ್ ತೊಟ್ಟ ಒಬ್ಬಳು ಯುವತಿ ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ ಹಿಡಿದು ಓಡಿ ಬಂದಳು. ಹಿಂದಿನಿಂದ ಶಿರಸ್ತ್ರಾಣ ತೊಟ್ಟ ಕಾವಲುಗಾರರು ಅಟ್ಟಿಸಿಕೊಂಡು ಬರುತ್ತಿದ್ದರೂ ಅವಳು ನಿಂತು, ಮೈಯನ್ನು ಗಿರ್ರನೆ ತಿರುಗಿಸಿ, ಸುತ್ತಿಗೆಯನ್ನು ಪರದೆಯತ್ತ ಬೀಸಿ ಒಗೆದಳು. ಪರದೆ ಸಿಡಿದು, ಬೆಳಕು ಗಾಳಿಯಂತೆ ನುಗ್ಗಿ, ಬಾಯಿ ತೆರೆದು ಕೂತಿದ್ದವರ ಮುಖಗಳನ್ನು ತೊಳೆಯಿತು. ಆಮೇಲೆ ಮೂಡಿದ ಅಕ್ಷರಗಳು ಹೇಳಿದ್ದಿಷ್ಟು: ಜನವರಿ 24ರಂದು ಆ್ಯಪಲ್ ಕಂಪ್ಯೂಟರ್ ಕಂಪನಿ ಮ್ಯಾಕಿಂತೋಶನ್ನು ಪರಿಚಯಿಸಲಿದೆ, 1984 ಏಕೆ ಜಾರ್ಜ್ ಆರ್ವೆಲ್ಲರ ಕಾದಂಬರಿಯ '1984'ರಂತೆ ಇರುವುದಿಲ್ಲ ಎಂಬುದು ಆಗ ನಿಮಗೇ ತಿಳಿಯಲಿದೆ.

ಅರವತ್ತು ಸೆಕೆಂಡುಗಳಲ್ಲಿ ಮಾರಾಟಕ್ಕಿದ್ದ ವಸ್ತುವನ್ನು ಒಮ್ಮೆಯೂ ತೋರಿಸಲಿಲ್ಲ. ಆ ಯುವತಿಯ ಬನಿಯನ್ ಮೇಲೆ ಗೀಚಿದ್ದ ಒಂದು ರೇಖಾಚಿತ್ರವಷ್ಟೇ ಕಂಪ್ಯೂಟರಿನ ಸುಳಿವು. ಸುಮಾರು 7.7 ಕೋಟಿ ಜನ ಅದನ್ನು ನೋಡಿದರು. ಜಾಹೀರಾತು ಎಂಬ ಮಾಧ್ಯಮ ಸಮಾಜವನ್ನು ಟೀಕಿಸುವ ವೇಷ ತೊಟ್ಟಾಗ ಏನಾಗುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ. ಅದು ಗೆದ್ದದ್ದು ಇದಕ್ಕೆ ಒಂದು ಕಾರಣವಾದರೆ, ಮುಂದಿನ ನಲವತ್ತು ವರ್ಷಗಳಲ್ಲಿ ಅದು ತನ್ನನ್ನು ಮಾಡಿಸಿದವರ ಕಡೆಗೇ ತಿರುಗಿದ್ದು ಇನ್ನೊಂದು ಕಾರಣ.

ಡಿಸ್ಟೋಪಿಯಾ ಎಂಬ ಮಾತಿಗೆ ಕನ್ನಡದಲ್ಲಿ ಒಂದೇ ಪದ ನೆಲೆಯೂರಿಲ್ಲ. ರಾಮರಾಜ್ಯಕ್ಕೆ ಎದುರಾದದ್ದು ಎಂದರೆ ಸುಮಾರಾಗಿ ಅರ್ಥವಾಗುತ್ತದೆ: ಎಲ್ಲವೂ ಕೆಟ್ಟುಹೋಗಿ, ಆ ಕೇಡೇ ವ್ಯವಸ್ಥೆಯಾಗಿ, ಬದುಕುವವರಿಗೆ ಅದು ಕೇಡೆಂದು ಕೂಡ ಅನ್ನಿಸದಂತಾದ ನಾಳೆ. ಪದ ಹೊಸದಾದರೂ ರೂಢಿ ನಮಗೆ ಹೊಸದಲ್ಲ. ಮುಂದೆ ಬರಲಿರುವ ಕೆಟ್ಟ ಕಾಲವನ್ನು ವರ್ಣಿಸುತ್ತ ಈಗಿನ ನಡತೆಯನ್ನು ಎಚ್ಚರಿಸುವ ಕಾಲಜ್ಞಾನದ ಪದಗಳನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾಡುತ್ತಾರೆ, ಮತ್ತು ಅಲ್ಲಿ ಭವಿಷ್ಯವೆಂಬುದು ವರ್ತಮಾನಕ್ಕೆ ಹಿಡಿದ ಕನ್ನಡಿ. ಜಾಹೀರಾತು ಈ ಹಳೆಯ ಕಸುಬನ್ನು ಎರವಲು ಪಡೆದು ಅದಕ್ಕೆ ಒಂದನ್ನು ಸೇರಿಸಿತು: ಕಾಲಜ್ಞಾನ ಹೇಳುವವರು ಪ್ರಳಯದ ಸುದ್ದಿಯ ಜೊತೆಗೆ ಕೊಡೆ ಮಾರುತ್ತಿರಲಿಲ್ಲ.

ಈ ಸೇರ್ಪಡೆಯಿಂದಲೇ ಎಲ್ಲ ವ್ಯತ್ಯಾಸವೂ ಹುಟ್ಟುತ್ತದೆ. ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ಸುತ್ತಿಗೆ ಎಸೆಯುವವರು ಯಾರೂ ಇಲ್ಲ. ಅಲ್ಲಿನ ನಾಯಕ ವಿನ್‌ಸ್ಟನ್ ಸ್ಮಿತ್ ಸಿಕ್ಕಿಬಿದ್ದು, ಚಿತ್ರಹಿಂಸೆಗೆ ಒಳಗಾಗಿ, ಕೊನೆಗೆ ತನ್ನನ್ನು ಮುರಿದವನನ್ನೇ ಪ್ರೀತಿಸಲು ಕಲಿಯುತ್ತಾನೆ. ಓದುಗನಿಗೆ ಬಾಗಿಲು ಎಲ್ಲಿಯೂ ಕಾಣದಂತೆ ಮಾಡುವುದೇ ಆ ಬರವಣಿಗೆಯ ಉದ್ದೇಶ. ಪುಸ್ತಕ ಮುಚ್ಚಿದ ಮೇಲೂ ಉಳಿಯುವ ಇರುಸುಮುರುಸಿನಲ್ಲೇ ಅದರ ಟೀಕೆಯ ಬಲವಿದೆ. ಜಾಹೀರಾತಿಗೆ ಈ ಸ್ವಾತಂತ್ರ್ಯವಿಲ್ಲ. ಅದು ಭಯವನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಕೊನೆಯ ಹತ್ತು ಸೆಕೆಂಡುಗಳಲ್ಲಿ ಒಂದು ಬಾಗಿಲು ತೆರೆಯಲೇಬೇಕು, ಮತ್ತು ಆ ಬಾಗಿಲು ಅಂಗಡಿಯ ಬಾಗಿಲೇ ಆಗಿರಬೇಕು. ಆರ್ವೆಲ್ಲರ ಸೋಲನ್ನು ಗೆಲುವಾಗಿ ತಿರುವಿದ್ದು ಕೇವಲ ನಿರ್ದೇಶಕನ ಆಯ್ಕೆಯಲ್ಲ, ಈ ಪ್ರಕಾರದ ನಿಯಮ. ಆ ಕಾದಂಬರಿಯ ಟಿವಿ ಮತ್ತು ಚಲನಚಿತ್ರ ಹಕ್ಕುಗಳನ್ನು ಹೊಂದಿದ್ದವರು ಅದೇ ವರ್ಷದ ಏಪ್ರಿಲ್‌ನಲ್ಲಿ ಆ್ಯಪಲ್‌ಗೂ ಜಾಹೀರಾತು ಸಂಸ್ಥೆಗೂ ವಕೀಲರ ನೋಟಿಸು ಕಳಿಸಿದರು. ಆರ್ವೆಲ್ ಬದುಕಿದ್ದರೆ ಏನೆನ್ನುತ್ತಿದ್ದರೋ. ಜಾಹೀರಾತು ಸಂಸ್ಥೆಯ ಕೆಲಸವನ್ನು ಹೇಸಿ ಬಿಟ್ಟುಹೋದ ಕವಿಯೊಬ್ಬ ಕೊನೆಗೆ ಸೋತು ಅದೇ ಕುರ್ಚಿಗೆ ಮರಳುವ ಕಥೆಯನ್ನು ಅವರು 1936ರಷ್ಟು ಹಿಂದೆಯೇ ಕಾದಂಬರಿಯಾಗಿ ಬರೆದಿದ್ದರು.

ಇದು ತಯಾರಾದ ಬಗೆಯೂ ತಿಳಿಯತಕ್ಕದ್ದು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದ ಮೇಲೆ ಆ್ಯಪಲ್‌ಗೆ ದೊಡ್ಡ ಎದುರಾಳಿ ಹುಟ್ಟಿಕೊಂಡಿತ್ತು. ಕಂಪ್ಯೂಟರ್ ಲೋಕವನ್ನೆಲ್ಲ ಐಬಿಎಂ ಒಂದೇ ಆಳುವುದೇ, ಆರ್ವೆಲ್ ಹೇಳಿದ್ದು ನಿಜವಾಗುವುದೇ ಎಂದು ಆ್ಯಪಲ್‌ನ ಸ್ಟೀವ್ ಜಾಬ್ಸ್ 1983ರ ಕೊನೆಯಲ್ಲಿ ತನ್ನ ಮಾರಾಟಗಾರರ ಸಭೆಯಲ್ಲಿ ಕೇಳಿಯಾಗಿತ್ತು. ಷಿಯಾಟ್/ಡೇ ಎಂಬ ಏಜೆನ್ಸಿಯಲ್ಲಿ ಲೀ ಕ್ಲೌ, ಸ್ಟೀವ್ ಹೇಡನ್, ಬ್ರೆಂಟ್ ಥಾಮಸ್ ಕಲ್ಪನೆಯನ್ನು ಕಟ್ಟಿದರು. ಚಲನಚಿತ್ರ ನಿರ್ದೇಶಕ ರಿಡ್ಲಿ ಸ್ಕಾಟ್ ಇಂಗ್ಲೆಂಡಿನ ಷೆಪರ್ಟನ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ಸುತ್ತಿಗೆಯನ್ನು ತಿರುಗಿಸಿ ಎಸೆಯಲು ಬಂದ ಅನ್ಯಾ ಮೇಜರ್‌ಗೆ ಡಿಸ್ಕಸ್ ಎಸೆತದ ಅಭ್ಯಾಸವಿತ್ತು. ಸಿದ್ಧವಾದ ಚಿತ್ರವನ್ನು ನೋಡಿದ ಆ್ಯಪಲ್ ನಿರ್ದೇಶಕ ಮಂಡಳಿಗೆ ಅದು ಹಿಡಿಸಲಿಲ್ಲ. ಕೊಂಡಿದ್ದ ಸಮಯವನ್ನು ಮರಳಿ ಮಾರಿಬಿಡಿ ಎಂದಿತು. ಏಜೆನ್ಸಿ ಮೂವತ್ತು ಸೆಕೆಂಡಿನ ಸ್ಲಾಟನ್ನು ಮಾರಿ, ಅರವತ್ತು ಸೆಕೆಂಡಿನದ್ದನ್ನು ಉಳಿಸಿಕೊಂಡಿತು. ಖರ್ಚಿನ ಅರ್ಧವನ್ನು ತಾನೇ ಕೊಡುತ್ತೇನೆ ಎಂದು ಆ್ಯಪಲ್‌ನ ಸಹಸ್ಥಾಪಕ ಸ್ಟೀವ್ ವೋಜ್ನಿಯಾಕ್ ಮುಂದೆ ಬಂದಿದ್ದರಂತೆ. ಈ ಜಾಹೀರಾತು ಒಂದೇ ಬಾರಿ ಪ್ರಸಾರವಾಯಿತು ಎಂಬ ಮಾತು ಜನಜನಿತವಾಗಿದೆ, ಆದರೆ ಅದು ಸರಿಯಲ್ಲ. ಆ ವರ್ಷದ ಪ್ರಶಸ್ತಿಗಳಿಗೆ ಅರ್ಹತೆ ಸಿಗಲೆಂದು 1983ರ ಡಿಸೆಂಬರಿನಲ್ಲೇ ಐಡಹೊ ರಾಜ್ಯದ ಟ್ವಿನ್ ಫಾಲ್ಸ್ ಎಂಬ ಸಣ್ಣ ಊರಿನ ಕೇಂದ್ರವೊಂದರಲ್ಲಿ ಅದನ್ನು ಸದ್ದಿಲ್ಲದೆ ಒಮ್ಮೆ ತೋರಿಸಿದ್ದರು.

ಈಗ ಅದರ ಒಳಗಿನ ಯಂತ್ರವನ್ನು ಬಿಚ್ಚಿ ನೋಡೋಣ. ಇದನ್ನು ನಾನು ವ್ಯಾಕರಣದ ಮಾತಿನಲ್ಲಿ ಹೇಳಲು ಇಷ್ಟಪಡುತ್ತೇನೆ: ಇಂಥ ಜಾಹೀರಾತಿನಲ್ಲಿ ದೂರು ಬಹುವಚನದಲ್ಲಿರುತ್ತದೆ, ಪರಿಹಾರ ಏಕವಚನದಲ್ಲಿರುತ್ತದೆ. ಬೂದು ಉಡುಪಿನ ಸಾಲು 'ಅವರು', ಕೆಂಪು ಚಡ್ಡಿಯ ಓಟಗಾರ್ತಿ 'ನೀನು'. ಕೇಡು ಇಡೀ ಸಮಾಜದ್ದು, ಬಿಡುಗಡೆ ನಿನ್ನೊಬ್ಬನದು; ಆ ಬಿಡುಗಡೆಗೆ ಸಂಘ ಕಟ್ಟಬೇಕಿಲ್ಲ, ಕಾನೂನು ತಿದ್ದಬೇಕಿಲ್ಲ, 2,495 ಡಾಲರ್ ಕೊಟ್ಟರೆ ಸಾಕು. ಒಂದೇ ಹೊತ್ತಿನಲ್ಲಿ 7.7 ಕೋಟಿ ಜನರಿಗೆ 'ನೀನು ಮಂದೆಯವನಲ್ಲ' ಎಂದು ಹೇಳುವ ಚಮತ್ಕಾರ ಇದು, ಮತ್ತು ಹಾಗೆ ಹೇಳಿಸಿಕೊಳ್ಳುತ್ತಿದ್ದವರೆಲ್ಲರೂ ಆ ಕ್ಷಣದಲ್ಲಿ ಬಾಯಿ ತೆರೆದು ಒಂದೇ ಪರದೆಯ ಮುಂದೆ ಕೂತಿದ್ದರು ಎಂಬುದನ್ನು ಮರೆಸಿದ್ದರಲ್ಲೇ ಅದರ ಜಾಣ್ಮೆ ಇದೆ. ಎದುರಾಳಿಯ ಹೆಸರನ್ನು ಎಲ್ಲಿಯೂ ಹೇಳದಿರುವುದು ಕೂಡ ಇದರ ಭಾಗವೇ. ಐಬಿಎಂ ಎಂದು ಬಾಯಿ ಬಿಟ್ಟಿದ್ದರೆ ಅದು ಎರಡು ಕಂಪನಿಗಳ ಜಗಳವಾಗುತ್ತಿತ್ತು. ಹೇಳದ್ದರಿಂದ ಮನುಷ್ಯಕುಲದ ಹೋರಾಟದಂತೆ ಕಂಡಿತು.

ಈ ಯಂತ್ರ ಎಷ್ಟು ಸೂಕ್ಷ್ಮವಾದದ್ದು ಎಂಬುದು ಒಂದೇ ವರ್ಷದಲ್ಲಿ ಗೊತ್ತಾಯಿತು. 1985ರ ಸೂಪರ್ ಬೌಲ್‌ಗೆ ಅದೇ ಕಂಪನಿ, ಅದೇ ಏಜೆನ್ಸಿ 'ಲೆಮ್ಮಿಂಗ್ಸ್' (ಹಿಂಡಾಗಿ ಹೋಗಿ ಕಮರಿಗೆ ಬೀಳುತ್ತವೆಂದು ಜನ ನಂಬುವ ಇಲಿಯಂಥ ಪ್ರಾಣಿಗಳು) ಎಂಬ ಜಾಹೀರಾತನ್ನು ತಂದವು. ನಿರ್ದೇಶಿಸಿದ್ದು ರಿಡ್ಲಿಯ ತಮ್ಮ ಟೋನಿ ಸ್ಕಾಟ್. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕಚೇರಿಯ ಜನ, ಸೂಟು ಬೂಟು ಬ್ರೀಫ್‌ಕೇಸಿನೊಂದಿಗೆ, ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಬಂದು ಒಬ್ಬರ ಹಿಂದೆ ಒಬ್ಬರು ಕಮರಿಗೆ ಬೀಳುತ್ತಾರೆ. ಕೊನೆಯಲ್ಲಿ ಒಬ್ಬ ಮಾತ್ರ ನಿಂತು ಕಣ್ಣಿನ ಪಟ್ಟಿಯನ್ನು ಎತ್ತುತ್ತಾನೆ. ಭಯವೂ ಇದೆ, ಮಂದೆಯೂ ಇದೆ, ಬಿಡಿಸಿಕೊಂಡ ಒಬ್ಬನೂ ಇದ್ದಾನೆ, ಆದರೂ ಅದು ನೆಲಕಚ್ಚಿತು. ಹಿಂದಿನ ವರ್ಷದ ಬೋಳುತಲೆಯವರಲ್ಲಿ ಯಾರೂ ತಮ್ಮನ್ನು ಕಂಡಿರಲಿಲ್ಲ. ಸೂಟು ತೊಟ್ಟವರ ಸಾಲಿನಲ್ಲಿ ಕಂಡರು. ಕಚೇರಿಗೆಂದು ಕಂಪ್ಯೂಟರ್ ಕೊಳ್ಳಬೇಕಾಗಿದ್ದವರಿಗೇ 'ನೀವು ಕುರುಡರು' ಎಂದು ಹೇಳಿದಂತಾಯಿತು. ಜಾಹೀರಾತಿನ ಸಮಾಜಟೀಕೆ ನಿಜಕ್ಕೂ ಗಿರಾಕಿಗೆ ತಾಗಿದರೆ ಅವನು ಎದ್ದು ಹೋಗುತ್ತಾನೆ. ಆದ್ದರಿಂದ ಅದು ತಾಗಿದಂತೆ ಕಾಣಬೇಕೇ ಹೊರತು ತಾಗಬಾರದು.

ಒಂದು ಸಣ್ಣ ವಿವರವನ್ನು ಇಲ್ಲಿಯೇ ಹೇಳಿಬಿಡಬೇಕು. ಬಿಡುಗಡೆಯ ಯಂತ್ರವೆಂದು ಬಂದ ಆ ಮೊದಲ ಮ್ಯಾಕಿಂತೋಶನ್ನು ಕೊಂಡವನು ಸುಲಭವಾಗಿ ಬಿಚ್ಚುವಂತಿರಲಿಲ್ಲ. ಅದರ ತಿರುಪುಗಳಿಗೆ ಮನೆಯ ಸ್ಕ್ರೂಡ್ರೈವರ್ ಹೊಂದುತ್ತಿರಲಿಲ್ಲ, ಆಳಕ್ಕೆ ಇಳಿಯುವ ಉದ್ದನೆಯ ವಿಶೇಷ ಉಪಕರಣ ಬೇಕಿತ್ತು. ಒಳಗೆ ಹೊಸ ಕಾರ್ಡುಗಳನ್ನು ಕೂರಿಸಲು ಸ್ಲಾಟುಗಳೇ ಇರಲಿಲ್ಲ. ಬೂದು ಸಾಮ್ರಾಜ್ಯದ ಪ್ರತಿನಿಧಿಯಾಗಿದ್ದ ಐಬಿಎಂ ಪಿಸಿಯ ಮುಚ್ಚಳವನ್ನಾದರೋ ಯಾರು ಬೇಕಾದರೂ ತೆಗೆದು ಕೈಯಾಡಿಸಬಹುದಿತ್ತು.

ಭಯವನ್ನು ತೋರಿಸಿ ಪರಿಹಾರವನ್ನು ಮಾರುವುದು ಒಂದು ದಾರಿಯಾದರೆ, ಭಯವನ್ನಷ್ಟೇ ತೋರಿಸಿ ಮೂಲೆಯಲ್ಲಿ ಹೆಸರು ಬರೆದು ಸುಮ್ಮನಾಗುವುದು ಇನ್ನೊಂದು. ಇಟಲಿಯ ಬಟ್ಟೆ ಕಂಪನಿ ಬೆನೆಟನ್‌ಗಾಗಿ ಛಾಯಾಗ್ರಾಹಕ ಒಲಿವಿಯೆರೊ ತೋಸ್ಕಾನಿ ಮಾಡಿದ್ದು ಇದನ್ನೇ. 1992ರಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ಯುವಕನೊಬ್ಬನನ್ನು ತಬ್ಬಿಕೊಂಡ ತಂದೆಯ ಚಿತ್ರ, ಕುಟುಂಬದ ಒಪ್ಪಿಗೆಯೊಂದಿಗೆ, ಆ ಕಂಪನಿಯ ಹಸಿರು ಲಾಂಛನ ಹೊತ್ತು ರಸ್ತೆಬದಿಯ ಫಲಕಗಳಿಗೆ ಏರಿತು. 1994ರಲ್ಲಿ ಬೋಸ್ನಿಯಾದಲ್ಲಿ ಸತ್ತ ಸೈನಿಕನ ರಕ್ತಸಿಕ್ತ ಅಂಗಿ ಬಂತು. ಸ್ವೆಟರ್ ಎಲ್ಲೂ ಇಲ್ಲ, ಬೆಲೆ ಎಲ್ಲೂ ಇಲ್ಲ. ಇದು ಟೀಕೆಯೋ ವ್ಯಾಪಾರವೋ ಎಂಬ ಪ್ರಶ್ನೆ ಹರಟೆಯ ಮಟ್ಟದಲ್ಲೇ ಉಳಿಯದೆ ಜರ್ಮನಿಯ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಎಣ್ಣೆ ಮೆತ್ತಿದ ಬಾತುಕೋಳಿ, ದುಡಿಯುತ್ತಿರುವ ಮಕ್ಕಳು, 'ಎಚ್.ಐ.ವಿ. ಪಾಸಿಟಿವ್' ಎಂದು ಮುದ್ರೆಯೊತ್ತಿದ ಬೆತ್ತಲೆ ದೇಹದ ಭಾಗ, ಈ ಮೂರು ಚಿತ್ರಗಳನ್ನು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1995ರಲ್ಲಿ ನಿಷೇಧಿಸಿತು. ನೋಡುವವರ ಅನುಕಂಪವನ್ನು ಮಾರಾಟಕ್ಕೆ ಬಳಸಿಕೊಳ್ಳುವುದು ಅನುಚಿತ ಸ್ಪರ್ಧೆ ಎಂಬುದು ಅದರ ವಾದ. ಚಿತ್ರಗಳನ್ನು ಅಚ್ಚು ಹಾಕಿದ್ದ ಪತ್ರಿಕೆಯ ಪ್ರಕಾಶಕರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಆ ನ್ಯಾಯಾಲಯ 2000ರಲ್ಲಿ ಒಮ್ಮೆ, ಕೆಳಗಿನ ನ್ಯಾಯಾಲಯ ಪಟ್ಟುಬಿಡದೆ ಮತ್ತೆ ನಿಷೇಧಿಸಿದಾಗ 2003ರಲ್ಲಿ ಮತ್ತೊಮ್ಮೆ, ನಿಷೇಧವನ್ನು ತಳ್ಳಿಹಾಕಿತು. ಸಾಮಾಜಿಕ ಕೇಡಿನತ್ತ ಬೊಟ್ಟು ಮಾಡುವ ಚಿತ್ರವೊಂದು ಜಾಹೀರಾತಿನ ಜಾಗದಲ್ಲಿ ಕಾಣಿಸಿತೆಂಬ ಮಾತ್ರಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಆ ತೀರ್ಪುಗಳ ತಿರುಳು.

ಈ ತೀರ್ಪು ನನಗೆ ಒಪ್ಪಿತವೇ. ಕೆಟ್ಟ ಅಭಿರುಚಿಯನ್ನು ತಡೆಯಲು ನ್ಯಾಯಾಲಯಗಳು ಹೊರಟರೆ ಆ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಆದರೆ ಮಾತಿನ ಹಕ್ಕು ಬೇರೆ, ಮಾತಿನ ತೂಕ ಬೇರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ 1,100ಕ್ಕೂ ಹೆಚ್ಚು ಜನ ಸತ್ತಾಗ, ತನಗೂ ಅಲ್ಲಿಗೂ ಸಂಬಂಧವಿಲ್ಲ ಎಂದು ಮೊದಲು ಹೇಳಿದ ಬೆನೆಟನ್, ಆಮೇಲೆ ಅಲ್ಲಿನ ಒಂದು ಘಟಕದಿಂದ ಬಟ್ಟೆ ತರಿಸಿಕೊಂಡದ್ದನ್ನು ಒಪ್ಪಿಕೊಂಡಿತು. ಸಂತ್ರಸ್ತರ ಪರಿಹಾರ ನಿಧಿಗೆ 2015ರಲ್ಲಿ 11 ಲಕ್ಷ ಡಾಲರ್ ಕೊಟ್ಟಿತು. ಎರಡು ದಶಕಗಳ ಹಿಂದೆ ದುಡಿಯುವ ಮಕ್ಕಳ ಚಿತ್ರವನ್ನು ಫಲಕಕ್ಕೇರಿಸಿದ ಕಂಪನಿಗೆ ತನ್ನದೇ ಅಂಗಿಯನ್ನು ಯಾವ ಕಟ್ಟಡದಲ್ಲಿ ಹೊಲಿಯುತ್ತಾರೆ ಎಂಬುದನ್ನು ಹೇಳಲು ಅಷ್ಟು ಕಷ್ಟವಾಯಿತು. ಜಾಹೀರಾತಿನ ಕನ್ನಡಿ ಎಲ್ಲ ಕಡೆಗೂ ತಿರುಗುತ್ತದೆ, ಅದನ್ನು ಹಿಡಿದ ಕೈಯ ಕಡೆಗೆ ಮಾತ್ರ ತಿರುಗುವುದು ಅಪರೂಪ.

2017ರ ಪೆಪ್ಸಿ ಪ್ರಕರಣವನ್ನು ಬೇಗನೆ ದಾಟಬಹುದು. ಬೀದಿಗಿಳಿದ ಪ್ರತಿಭಟನಾಕಾರರ ನಡುವಿನಿಂದ ಬಂದ ಮಾಡೆಲ್ ಕೆಂಡಲ್ ಜೆನ್ನರ್ ಪೊಲೀಸನ ಕೈಗೆ ಒಂದು ಕ್ಯಾನ್ ಕೊಟ್ಟೊಡನೆ ಎಲ್ಲರೂ ನಕ್ಕು ಕುಣಿಯುವ ಆ ಚಿತ್ರವನ್ನು ಬಿಡುಗಡೆಯಾದ ಮರುದಿನವೇ ಹಿಂತೆಗೆದುಕೊಂಡರು. ಅದರಲ್ಲಿ ಗಮನಿಸಬೇಕಾದದ್ದು ಫಲಕಗಳನ್ನು. ಪ್ರತಿಭಟನೆಯ ಗುಂಪು ಎತ್ತಿ ಹಿಡಿದದ್ದು ಶಾಂತಿಯ ಚಿಹ್ನೆ, 'ಮಾತುಕತೆಗೆ ಸೇರಿಕೊಳ್ಳಿ' ಎಂಬ ಬರಹ. ಯಾರಿಂದ ಏನು ಬೇಕು ಎಂಬ ಬೇಡಿಕೆ ಒಂದರಲ್ಲೂ ಇರಲಿಲ್ಲ.

ನಮ್ಮ ದೇಶದಲ್ಲಿ ಈ ಬಗೆಯ ಗಂಭೀರ ಪ್ರಯತ್ನವೆಂದರೆ ಟಾಟಾ ಟೀಯ 'ಜಾಗೋ ರೇ', ಅಂದರೆ 'ಎಚ್ಚರಗೊಳ್ಳಿ'. 2007ರ ಮೊದಲ ಚಿತ್ರದಲ್ಲಿ ಮತ ಕೇಳಲು ಬಂದ ಅಭ್ಯರ್ಥಿಯನ್ನು ಯುವಕನೊಬ್ಬ ಕೂರಿಸಿಕೊಂಡು, ಕೆಲಸದ ಸಂದರ್ಶನದಲ್ಲಿ ಕೇಳುವಂತೆ, ವಿದ್ಯಾರ್ಹತೆ ಏನು, ಅನುಭವ ಎಷ್ಟು ಎಂದು ವಿಚಾರಿಸುತ್ತಾನೆ. ಯಾವ ಕೆಲಸ ಎಂದು ಅವನು ತಬ್ಬಿಬ್ಬಾದರೆ, ದೇಶ ನಡೆಸುವ ಕೆಲಸ ಎಂಬ ಉತ್ತರ. 2008ರಲ್ಲಿ ಇದು ಬೆಂಗಳೂರಿನ ಜನಾಗ್ರಹ ಸಂಸ್ಥೆಯ ಜೊತೆಗೂಡಿ ಮತದಾರರ ನೋಂದಣಿಯ ಅಭಿಯಾನವಾಯಿತು. ನನ್ನ ವ್ಯಾಕರಣದ ಸೂತ್ರಕ್ಕೆ ಇದು ಅರ್ಧ ಅಪವಾದ. ಇಲ್ಲಿ ಪರಿಹಾರ ಚಹಾ ಅಲ್ಲ, ಮತದಾರರ ಪಟ್ಟಿ. ಅದನ್ನು ಹಣ ಕೊಟ್ಟು ಕೊಳ್ಳುವಂತಿಲ್ಲ. ಆದರೆ ಇನ್ನರ್ಧ ಹಾಗೆಯೇ ಉಳಿದಿದೆ: ಮತ ಹಾಕದವನು ಮಲಗಿದ್ದಾನೆ, ಎಬ್ಬಿಸಬೇಕಾದ್ದು ಅವನನ್ನು ಎಂದಾಗ ತಪ್ಪು ಬಿಡಿ ನಾಗರಿಕನ ಹೆಗಲೇರಿತು, ಹಣ, ಜಾತಿ, ಪಕ್ಷಗಳ ಲೆಕ್ಕಾಚಾರವೆಲ್ಲ ಚೌಕಟ್ಟಿನ ಹೊರಗೆ ಉಳಿಯಿತು. ಹಾಗಿದ್ದೂ, ಒಂದು ಕಂಪನಿಯ ಖರ್ಚಿನಲ್ಲಿ ಒಂದಷ್ಟು ಜನ ಪಟ್ಟಿಗೆ ಹೆಸರು ಸೇರಿಸಿದ್ದರೆ ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ.

ವಸ್ತುವನ್ನು ತೆಗೆದುಹಾಕಿ ಟೀಕೆಯನ್ನಷ್ಟೇ ಉಳಿಸಿಕೊಂಡರೆ ಏನಾಗುತ್ತದೆ ಎಂದು ಪರೀಕ್ಷಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಹುಟ್ಟಿದ ಬುಗಾ ಅಪ್ ಎಂಬ ಗುಂಪಿನವರು, ಅವರಲ್ಲಿ ವೈದ್ಯರೂ ಇದ್ದರು, ರಾತ್ರಿ ಹೊತ್ತು ಬಣ್ಣದ ಡಬ್ಬಿ ಹಿಡಿದು ಸಿಗರೇಟಿನ ಹೋರ್ಡಿಂಗುಗಳ ಅಕ್ಷರಗಳನ್ನು ಅಳಿಸಿ, ಸೇರಿಸಿ, ಅದೇ ಜಾಹೀರಾತು ತನ್ನ ವಿರುದ್ಧವೇ ಮಾತಾಡುವಂತೆ ಮಾಡುತ್ತಿದ್ದರು. ಕೆನಡಾದ ವ್ಯಾಂಕೂವರಿನಲ್ಲಿ 1989ರಲ್ಲಿ ಕಾಲೆ ಲಾಸ್ನ್ ಮತ್ತು ಸಂಗಡಿಗರು ಆರಂಭಿಸಿದ 'ಆ್ಯಡ್‌ಬಸ್ಟರ್ಸ್' ಪತ್ರಿಕೆ ಇದನ್ನೇ ಒಂದು ಶೈಲಿಯಾಗಿ ಬೆಳೆಸಿತು: ಹೊಳಪಿನ ಕಾಗದ, ಅದೇ ಅಕ್ಷರವಿನ್ಯಾಸ, ಅದೇ ಛಾಯಾಚಿತ್ರದ ಬೆಡಗು, ಅರ್ಥ ಮಾತ್ರ ತಲೆಕೆಳಗು. ವರ್ಷದಲ್ಲಿ ಒಂದು ದಿನ ಏನನ್ನೂ ಕೊಳ್ಳಬೇಡಿ ಎಂಬ ಸಂದೇಶವನ್ನು ಅವರು ಟಿವಿಯಲ್ಲಿ ಪ್ರಸಾರ ಮಾಡಿಸಲು ಹೊರಟರು. ಹಣ ಕೊಡುತ್ತೇವೆ, ಸಮಯ ಕೊಡಿ ಎಂದರು. ಅಮೆರಿಕದ ದೊಡ್ಡ ವಾಹಿನಿಗಳು ಒಲ್ಲೆವೆಂದವು.

ಈ ನಿರಾಕರಣೆಯನ್ನು ಟ್ಯಾಂಪಾ ಪಂದ್ಯದ ಅರವತ್ತು ಸೆಕೆಂಡುಗಳ ಪಕ್ಕದಲ್ಲಿಟ್ಟು ನೋಡಬೇಕು. ದಬ್ಬಾಳಿಕೆಯ ಪರದೆಯನ್ನು ಒಡೆಯುವ ದೃಶ್ಯಕ್ಕೆ ಪರದೆಯ ಮೇಲೆ ಸಮಯ ಮಾರಾಟಕ್ಕಿತ್ತು, ಏಕೆಂದರೆ ಒಡೆದ ಮೇಲೆ ಕೊಳ್ಳಲು ಒಂದು ವಸ್ತುವಿತ್ತು. ಕೊಳ್ಳದಿರಿ ಎಂಬ ಸೌಮ್ಯವಾದ ಮಾತಿಗೆ ಅದೇ ಸಮಯ ದುಡ್ಡು ಕೊಟ್ಟರೂ ಸಿಗಲಿಲ್ಲ. ಹಾಗೆಂದು ಆ್ಯಡ್‌ಬಸ್ಟರ್ಸ್‌ನವರನ್ನು ಪೂರ್ತಿ ಹುತಾತ್ಮರನ್ನಾಗಿಸಬೇಕಾಗಿಯೂ ಇಲ್ಲ. ಕೆಲವು ವರ್ಷಗಳಲ್ಲಿ ಅವರೇ 'ಬ್ಲ್ಯಾಕ್‌ಸ್ಪಾಟ್' ಎಂಬ ಹೆಸರಿನ, ಲಾಂಛನವಿಲ್ಲದಿರುವುದೇ ಲಾಂಛನವಾದ ಶೂಗಳನ್ನು ಮಾರಲು ತೊಡಗಿದರು.

ಫಲಕಗಳನ್ನೇ ಕಿತ್ತುಹಾಕಿದ ನಗರಗಳೂ ಇವೆ. ಬ್ರೆಜಿಲ್‌ನ ಸಾವ್ ಪಾವ್ಲೊ 2006ರಲ್ಲಿ 'ಸ್ವಚ್ಛ ನಗರ' ಕಾನೂನನ್ನು ಮಾಡಿ, 2007ರಿಂದ ಹೊರಾಂಗಣ ಜಾಹೀರಾತನ್ನು ನಿಷೇಧಿಸಿತು. ಸುಮಾರು 15,000 ಹೋರ್ಡಿಂಗುಗಳು ಇಳಿದಾಗ, ಅವುಗಳ ಹಿಂದೆ ಮರೆಯಾಗಿದ್ದ ಕೊಳೆಗೇರಿಗಳು ಮುಖ್ಯರಸ್ತೆಗೆ ಕಾಣಿಸಿದವು ಎಂದು ಅಲ್ಲಿನ ಪತ್ರಕರ್ತರು ಬರೆದರು. ಬೆಂಗಳೂರಿನಲ್ಲೂ 2018ರ ಆಗಸ್ಟ್‌ನಲ್ಲಿ, ಹೈಕೋರ್ಟ್ ಚಾಟಿ ಬೀಸಿದ ಮೇಲೆ, ಬಿಬಿಎಂಪಿ ಫ್ಲೆಕ್ಸುಗಳನ್ನು ರಾತ್ರೋರಾತ್ರಿ ತೆರವುಗೊಳಿಸಿ ಹೊರಾಂಗಣ ಜಾಹೀರಾತನ್ನು ತಡೆದಿತ್ತು. ಬಟ್ಟೆ ಕಳಚಿದ ಕಬ್ಬಿಣದ ಚೌಕಟ್ಟುಗಳು ಮಾತ್ರ ಹಲವೆಡೆ ವರ್ಷಗಟ್ಟಲೆ ಹಾಗೆಯೇ ನಿಂತಿದ್ದವು. ತುಕ್ಕು ಹಿಡಿದ ಆ ಆಯತದೊಳಗೆ ಆಕಾಶ, ಒಂದು ನೀರಿನ ಟ್ಯಾಂಕು, ಪಕ್ಕದ ಮನೆಯ ತಾರಸಿಯ ಮೇಲೆ ಒಣಹಾಕಿದ ಸೀರೆ, ಕಂಬಿಯ ಮೇಲೆ ಕೂತ ಎರಡು ಕಾಗೆ. ಸಿಗ್ನಲ್ಲಿನಲ್ಲಿ ನಿಂತವರ ಕಣ್ಣು ಅಭ್ಯಾಸಬಲದಿಂದ ಅತ್ತಲೇ ಹೋಗುತ್ತಿತ್ತು. ಜಾಹೀರಾತು ಅಷ್ಟರಲ್ಲಾಗಲೇ ಆ ಸಿಗ್ನಲ್ಲಿನಲ್ಲಿ ನಿಂತವರ ಅಂಗೈಗೆ ಇಳಿದಿತ್ತು.

ಅಂಗೈಗೆ ಇಳಿದದ್ದು ಕೇವಲ ಜಾಗದ ಬದಲಾವಣೆಯಲ್ಲ. ಫೋನಿನಲ್ಲಿ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ, ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ, ಆ ಪುಟದ ಖಾಲಿ ಜಾಗ ಹರಾಜಿಗೆ ಬರುತ್ತದೆ. ನೋಡುತ್ತಿರುವವರು ಎಲ್ಲಿದ್ದಾರೆ, ಯಾವ ಫೋನು ಹಿಡಿದಿದ್ದಾರೆ, ಈಚೆಗೆ ಏನು ಹುಡುಕಿದರು ಎಂಬ ಸುಳಿವುಗಳು ಬಿಡ್ಡುದಾರರ ಯಂತ್ರಗಳಿಗೆ ತಲುಪಿ, ಹೆಚ್ಚು ಕೂಗಿದವರ ಚಿತ್ರ ಅಲ್ಲಿ ಮೂಡುತ್ತದೆ. ಪಕ್ಕದಲ್ಲಿ ಕೂತವರ ಫೋನಿನಲ್ಲಿ ಅದೇ ಪುಟ, ಬೇರೆ ಜಾಹೀರಾತು. 1984ರ ಚಿತ್ರ ಹೆದರಿದ್ದು ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ಒಂದೇ ಮುಖವನ್ನು ನೋಡುವ ನಾಳೆಗೆ. ಬಂದ ನಾಳೆಯಲ್ಲಿ ಸಭಾಂಗಣವೇ ಇಲ್ಲ. ಪ್ರತಿಯೊಬ್ಬರಿಗೂ ಅವರವರದೇ ಪರದೆ, ಅದರಲ್ಲಿ ಅವರಿಗೆಂದೇ ಸಿದ್ಧವಾದ ಮುಖ, ಮತ್ತು ಆ ಪರದೆ ನಮ್ಮನ್ನು ತಿರುಗಿ ನೋಡುತ್ತದೆ. ಆರ್ವೆಲ್ಲರ ಕಾದಂಬರಿಯ ಟೆಲಿಸ್ಕ್ರೀನಿಗೆ ಎರಡೂ ಕಡೆಗೆ ಕಾಣುವ ಗುಣವಿತ್ತು, ಜಾಹೀರಾತು ಆ ಮುಖ್ಯ ಸಂಗತಿಯನ್ನು ಬಿಟ್ಟುಬಿಟ್ಟಿತ್ತು. ಆ ಕಾದಂಬರಿಯಲ್ಲಿ ಎಲ್ಲರ ಮೇಲೂ ಕಣ್ಣಿಡುವ ಸರ್ವಾಧಿಕಾರಿಯಾದ 'ಬಿಗ್ ಬ್ರದರ್' ಎಂಬ ಭಯದ ಹೆಸರು 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಟಿವಿ ಆಟವಾಯಿತು. ಅದರ ಕುಡಿಯೇ 2013ರಿಂದ ನಮ್ಮ ಮನೆಗಳಲ್ಲಿ ನಡೆಯುತ್ತಿರುವ 'ಬಿಗ್ ಬಾಸ್ ಕನ್ನಡ'. ಮನೆಯ ತುಂಬ ಕ್ಯಾಮೆರಾ, ಲಾಂಛನದಲ್ಲಿ ಒಂದು ಕಣ್ಣು, ನಡುನಡುವೆ ಪ್ರಾಯೋಜಕರ ಹೆಸರು: ಹೆದರಿಸಬೇಕಾದದ್ದನ್ನು ಊಟದ ಹೊತ್ತಿಗೆ ನೋಡುವಂಥದ್ದಾಗಿ ಮಾಡಿದ ಈ ಪಯಣ ಯಾವ ಟೀಕೆಗಿಂತಲೂ ಹೆಚ್ಚಿನದನ್ನು ಹೇಳುತ್ತದೆ.

ಆ್ಯಪಲ್ ಈ ಹೊಸ ಭಯವನ್ನೂ ಗುರುತಿಸಿ ಮಾರಿತು. 2022ರ ಒಂದು ಜಾಹೀರಾತಿನಲ್ಲಿ ಯುವತಿಯೊಬ್ಬಳು ಬಾಗಿಲು ತೆರೆದು ನೋಡಿದರೆ ಒಳಗೆ ಅವಳದೇ ಮಾಹಿತಿಯ ಹರಾಜು ನಡೆಯುತ್ತಿರುತ್ತದೆ. 2024ರ ಇನ್ನೊಂದರಲ್ಲಿ ಕಣ್ಗಾವಲು ಕ್ಯಾಮೆರಾಗಳು ರೆಕ್ಕೆ ಬಡಿಯುತ್ತ ಹಕ್ಕಿಗಳ ಹಿಂಡಿನಂತೆ ಜನರ ಫೋನುಗಳ ಮೇಲೆ ಎರಗುತ್ತವೆ. ಕೊನೆಯಲ್ಲಿ ಎರಡರಲ್ಲೂ ಒಬ್ಬರು ಐಫೋನನ್ನು ಹಿಡಿದು ಪಾರಾಗುತ್ತಾರೆ. ಇಲ್ಲಿ ಟೀಕೆ ಸುಳ್ಳಲ್ಲ. 2021ರಲ್ಲಿ ಆ ಕಂಪನಿ ತಂದ, ಆ್ಯಪ್‌ಗಳು ಹಿಂಬಾಲಿಸುವ ಮೊದಲು ಅನುಮತಿ ಕೇಳಬೇಕೆಂಬ ವ್ಯವಸ್ಥೆಯಿಂದ ಬಳಕೆದಾರರ ಕೈಗೆ ನಿಜವಾದ ಒಂದು ಹಿಡಿಕೆ ಸಿಕ್ಕಿತು. ಅದೇ ವ್ಯವಸ್ಥೆಯನ್ನು ಜಾರಿ ಮಾಡಿದ ರೀತಿ ಮಾರುಕಟ್ಟೆಯ ಮೇಲಿನ ಹಿಡಿತದ ದುರ್ಬಳಕೆ ಎಂದು ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2025ರ ಮಾರ್ಚ್‌ನಲ್ಲಿ 15 ಕೋಟಿ ಯೂರೋ ದಂಡ ಹಾಕಿತು. ಎರಡೂ ಮಾತು ಏಕಕಾಲಕ್ಕೆ ನಿಜವಾಗಿರಬಲ್ಲವು. ಬಹುವಚನದ ಕೇಡಿಗೆ ಕಾನೂನು ಬೇಕಾದಲ್ಲಿ ಏಕವಚನದ ಫೋನನ್ನು ಮುಂದಿಟ್ಟರೆ, ಫೋನು ಕೊಳ್ಳಲಾರದವರ ಮೇಲೆ ಆ ಹಕ್ಕಿಗಳು ಎರಗುತ್ತಲೇ ಇರುತ್ತವೆ.

ಸುತ್ತಿಗೆ ತಿರುಗಿ ಬಂದದ್ದು 2020ರ ಆಗಸ್ಟ್ 13ರಂದು. ಆ್ಯಪ್ ಸ್ಟೋರಿನಲ್ಲಿ ಆ್ಯಪಲ್ ಹಿಡಿದುಕೊಳ್ಳುವ ಶೇ. 30ರ ಪಾಲನ್ನು ತಪ್ಪಿಸಲು ಎಪಿಕ್ ಗೇಮ್ಸ್ ತನ್ನ ಫೋರ್ಟ್‌ನೈಟ್ ಆಟದಲ್ಲಿ ಬೇರೆ ಪಾವತಿ ದಾರಿ ತೆರೆಯಿತು; ಅಂದೇ ಆಟವನ್ನು ಸ್ಟೋರಿನಿಂದ ತೆಗೆದುಹಾಕಲಾಯಿತು; ಅಂದೇ ಎಪಿಕ್ ಮೊಕದ್ದಮೆ ಹೂಡಿ, ಮೊದಲೇ ಸಿದ್ಧಪಡಿಸಿಟ್ಟಿದ್ದ ಒಂದು ಚಿತ್ರವನ್ನು ಬಿಡುಗಡೆ ಮಾಡಿತು. ಅದೇ ಸಭಾಂಗಣ, ಅದೇ ಬೂದು ಸಾಲು, ಓಡಿಬರುವ ಒಬ್ಬಳು. ಪರದೆಯ ಮೇಲೆ ಮಾತ್ರ ಕನ್ನಡಕದ ಮುಖದ ಬದಲು ಹುಳ ಕೊರೆದ ಸೇಬು. ಹೆಸರಿಲ್ಲದ ಎದುರಾಳಿಯನ್ನು ಸೃಷ್ಟಿಸಿದ ಮೇಲೆ ಆ ಖಾಲಿ ಕುರ್ಚಿಯಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು ಎಂಬುದನ್ನು, ಅಷ್ಟೇ ದೊಡ್ಡ ವ್ಯಾಪಾರಿ ಲೆಕ್ಕಾಚಾರವಿದ್ದ ಇನ್ನೊಂದು ಕಂಪನಿ ತೋರಿಸಿಕೊಟ್ಟಿತು. 2007ರಲ್ಲೇ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಯಾರೋ ಆ ಪರದೆಯ ಮೇಲೆ ಹಿಲರಿ ಕ್ಲಿಂಟನ್ ಮುಖವನ್ನು ಅಂಟಿಸಿ ಯೂಟ್ಯೂಬಿಗೆ ಹಾಕಿದ್ದರು.

2024ರ ಮೇ ತಿಂಗಳಲ್ಲಿ ಹೊಸ ಐಪ್ಯಾಡಿಗಾಗಿ ಆ್ಯಪಲ್ 'ಕ್ರಷ್' ಎಂಬ ಜಾಹೀರಾತನ್ನು ಹೊರತಂದಿತು. ಬೂದು ಬಣ್ಣದ ಒಂದು ಕೋಣೆಯಲ್ಲಿ ಪಿಯಾನೊ, ತುತ್ತೂರಿ, ಗಿಟಾರು, ಬಣ್ಣದ ಡಬ್ಬಿಗಳು, ಮಣ್ಣಿನ ತಲೆ, ಪುಸ್ತಕಗಳು, ಒಂದು ಮೆಟ್ರೊನೋಮ್. ಮೇಲಿನಿಂದ ಬೃಹತ್ ಹೈಡ್ರಾಲಿಕ್ ಪ್ರೆಸ್ ನಿಧಾನವಾಗಿ ಇಳಿದು ಒಂದೊಂದನ್ನೇ ಜಜ್ಜುತ್ತದೆ. ಹಿನ್ನೆಲೆಯಲ್ಲಿ ಒಂದು ಹಳೆಯ ಪ್ರೇಮಗೀತೆ. ಪ್ರೆಸ್ ಮೇಲೆದ್ದಾಗ ಉಳಿದಿರುವುದು ತೆಳ್ಳನೆಯ ಒಂದು ಫಲಕ. ಇಷ್ಟೆಲ್ಲ ಇದರೊಳಗಿದೆ ಎಂದು ಹೇಳುವುದು ಮಾಡಿದವರ ಉದ್ದೇಶವಾಗಿತ್ತು. ನೋಡಿದವರಿಗೆ ಕಂಡದ್ದು ಬೇರೆ: ಕಲಾವಿದರು, ಸಂಗೀತಗಾರರು, ಬರಹಗಾರರು ತಮ್ಮ ಕಸುಬಿನ ಹತ್ಯೆಯನ್ನು ಅದರಲ್ಲಿ ಕಂಡರು, ಯಂತ್ರಗಳು ಚಿತ್ರ ಬರೆಯಲು ತೊಡಗಿದ್ದ ಆ ದಿನಗಳಲ್ಲಿ ಆ ಪ್ರೆಸ್ಸು ರೂಪಕವಾಗಿ ಉಳಿಯಲಿಲ್ಲ. ಮಾಡಿದವರು ಉದ್ದೇಶಿಸದ ಕೇಡಿನ ನಾಳೆಯನ್ನು ನೋಡಿದವರೇ ಒದಗಿಸಿದ್ದರು. ಎರಡೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ, ಟಿವಿ ಪ್ರಸಾರದ ಯೋಜನೆಯನ್ನು ಕೈಬಿಟ್ಟಿತು.

ಅಷ್ಟರಲ್ಲಿ ಯಾರೋ ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿ ಜಾಲತಾಣಗಳಲ್ಲಿ ಹಂಚಿದ್ದರು. ಅದರಲ್ಲಿ ಮೊದಲಿಗೇ ಆ ತೆಳ್ಳನೆಯ ಫಲಕ ಪ್ರೆಸ್ಸಿನಡಿ ಮರೆಯಾಗುತ್ತದೆ. ಆಮೇಲೆ ಪ್ರೆಸ್ಸು ನಿಧಾನವಾಗಿ ಮೇಲೇಳುತ್ತದೆ. ಚೆಲ್ಲಿದ ಬಣ್ಣ ಡಬ್ಬಿಗಳಿಗೆ ಹಿಂದಿರುಗುತ್ತದೆ, ಮುರಿದ ಪಿಯಾನೊ ಕೂಡಿಕೊಳ್ಳುತ್ತದೆ, ಜಜ್ಜಿಹೋದ ತುತ್ತೂರಿ ನೆಟ್ಟಗಾಗುತ್ತದೆ.